ಬಾಂಡ್ ಪೇಪರ್ ಮೇಲೆ ಬರೆದುಕೊಂಡರೆ ಮಗುವಿನ ವಿಷಯ ಮುಗಿಯುತ್ತಾ?

ಪ್ರಶ್ನೆ: ನಾನು, ನನ್ನ ಹೆಂಡತಿ ಬೇರೆಯಾಗಲು ಒಪ್ಪಿದ್ದೇವೆ. ಏಳು ವರ್ಷದ ಮಗಳಿದ್ದಾಳೆ. ಎರಡೂ ಮನೆಯ ಹಿರಿಯರ ಮುಂದೆ ಬಾಂಡ್ ಪೇಪರ್ ಮೇಲೆ ಬರೆದು ಸಹಿ ಹಾಕಿದರೆ ಸಾಕಲ್ವಾ? ಕೋರ್ಟಿಗೆ ಯಾಕೆ ಅಲೆಯಬೇಕು?

ಉತ್ತರ: ಸಾಕಾಗುವುದಿಲ್ಲ. ಹಿಂದೂ ವಿವಾಹ ಕಾಯ್ದೆ ಪ್ರಕಾರ ಆದ ಮದುವೆ ಮುರಿಯಬೇಕಾದರೆ ಕೋರ್ಟಿನ ಡಿಕ್ರಿ (ಅಂತಿಮ ಆದೇಶ) ಬೇಕು. ಉತ್ತರ ಕರ್ನಾಟಕದ ಕಡೆ ಸೋಡಚೀಟಿ ಅಂತಾರಲ್ಲ, ಕೋರ್ಟಿಲ್ಲದೆ ಬರೆದುಕೊಡುವ ಬಿಡುಗಡೆ ಪತ್ರ, ಕೆಲವು ಸಮುದಾಯಗಳಲ್ಲಿ ಆ ರೂಢಿ ಇದೆ, ಹಳೆಯ ರೂಢಿಗೆ ಕಾಯ್ದೆಯೂ ಜಾಗ ಬಿಟ್ಟಿದೆ. ಆದರೆ ಅಂಥ ರೂಢಿ ನಮ್ಮಲ್ಲಿ ನಿಜವಾಗಿ ಇದೆ ಎಂದು ಸಾಬೀತು ಮಾಡುವುದೇ ಇನ್ನೊಂದು ಕೇಸಾಗುತ್ತದೆ. ಸುಮ್ನೆ ಅದನ್ನು ನಂಬಿ ಕೂರಬೇಡಿ. ಅದನ್ನು ನಂಬಿ ಎರಡನೇ ಮದುವೆಯಂತೂ ಬೇಡವೇ ಬೇಡ.

ಹಾಗಂತ ವರ್ಷಗಟ್ಟಲೆ ಅಲೆಯಬೇಕಾಗಿಯೂ ಇಲ್ಲ. ಫ್ಯಾಮಿಲಿ ಕೋರ್ಟಿನ ಹಾಲ್‌ನಲ್ಲಿ ಒಂದು ಬೆಳಗ್ಗೆ ಕೂತು ನೋಡಿ. ಹೆಸರು ಕೂಗುತ್ತಾರೆ, ಇಬ್ಬರೂ ಎದ್ದು ಮುಂದೆ ಹೋಗುತ್ತಾರೆ, ಎರಡು ನಿಮಿಷ ಮಾತು, ಮುಂದಿನ ಡೇಟ್. ಅಷ್ಟಕ್ಕಾಗಿ ಒಂದು ದಿನದ ರಜೆ ಹೋಯಿತು. 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆ ಜಡ್ಜ್‌ಗೆ ಮೊದಲು ರಾಜಿಗೆ ಪ್ರಯತ್ನಿಸಿ ಎನ್ನುತ್ತದೆ, ಆದರೆ ಅಷ್ಟುದ್ದದ ಪಟ್ಟಿ ಎದುರಿಗಿಟ್ಟುಕೊಂಡು ಒಂದು ಸಂಸಾರದ ಕಥೆ ಕೇಳಲು ಅವರಿಗಾದರೂ ಪುರುಸೊತ್ತು ಎಲ್ಲಿಂದ ಬರಬೇಕು? ಅದಕ್ಕೇ ಮೀಡಿಯೇಷನ್‌ಗೆ, ಅಂದರೆ ಮಧ್ಯಸ್ಥರ ಮುಂದೆ ಮಾತಾಡಿ ಬಗೆಹರಿಸಿಕೊಳ್ಳಲು, ಕಳಿಸುತ್ತಾರೆ. ಬೆಂಗಳೂರಿನ ಮಧ್ಯಸ್ಥಿಕೆ ಕೇಂದ್ರ ಶುರುವಾಗಿದ್ದು 2007ರಲ್ಲಿ, ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿದೆ. ಅಲ್ಲಿ ಕಟಕಟೆ ಇಲ್ಲ. ಒಂದು ಮೇಜು, ನಾಲ್ಕು ಕುರ್ಚಿ, ತರಬೇತಿ ಪಡೆದ ಒಬ್ಬ ಮಧ್ಯಸ್ಥರು. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಕೇಳುತ್ತಾರೆ, ಬೇರೆ ಬೇರೆ ಕೂರಿಸಿಯೂ ಕೇಳುತ್ತಾರೆ. ಅಲ್ಲಿ ಆಡಿದ ಮಾತು ಜಡ್ಜ್ ಕಿವಿಗೆ ಹೋಗುವುದಿಲ್ಲ.

ಕೇಸ್ ಹಾಕುವುದಕ್ಕೆ ಮುಂಚೆಯೂ ಮೀಡಿಯೇಷನ್ ಕೇಳಬಹುದು. ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ನಿಮ್ಮ ಜಿಲ್ಲಾ ಕೋರ್ಟ್ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತದೆ, ಅಲ್ಲಿ ಒಂದು ಅರ್ಜಿ ಕೊಡಿ. ಹೆಂಗಸರಿಗೆ ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಒಪ್ಪಂದ ಎಲ್ಲಿ ಬರೆದಿರಿ ಅನ್ನುವಷ್ಟೇ ಏನು ಬರೆದಿರಿ ಅನ್ನುವುದೂ ಮುಖ್ಯ. ನಾನು ನೋಡಿದ ಒಂದು ಒಪ್ಪಂದದಲ್ಲಿ ಮಗನ ಬಗ್ಗೆ ಇದ್ದದ್ದು ಒಂದೇ ಸಾಲು: "ತಂದೆಯು ಅನುಕೂಲವಾದಾಗ ಮಗನನ್ನು ನೋಡಬಹುದು." ಯಾರ ಅನುಕೂಲ? ಮಗನ ಹುಟ್ಟುಹಬ್ಬಕ್ಕೆ ಅಪ್ಪ ಕೇಕ್ ಡಬ್ಬಿ ಹಿಡಿದುಕೊಂಡು ಅಪಾರ್ಟ್‌ಮೆಂಟ್ ಗೇಟಿನಲ್ಲಿ ಒಂದೂವರೆ ಗಂಟೆ ನಿಂತು, ಕೊನೆಗೆ ಡಬ್ಬಿಯನ್ನು ಸೆಕ್ಯೂರಿಟಿಯವರ ಕೈಗೆ ಕೊಟ್ಟು ಹೋದರು. ಅಮ್ಮನನ್ನು ಕೇಳಿದರೆ, ಬರ್ತೀನಿ ಅಂತ ಫೋನೇ ಮಾಡಿರಲಿಲ್ಲ, ನಾವು ಅಜ್ಜಿ ಮನೆಗೆ ಹೋಗಿದ್ದೆವು ಅಂದರು. ಇಬ್ಬರದೂ ಸುಳ್ಳಲ್ಲ. ಆರು ತಿಂಗಳಲ್ಲಿ ಇಬ್ಬರೂ ಮತ್ತೆ ಕೋರ್ಟಿನಲ್ಲಿದ್ದರು.

ಅದಕ್ಕೇ ಬಿಡಿಸಿ ಬರೆಯಿರಿ. ಎರಡನೇ ಮತ್ತು ನಾಲ್ಕನೇ ಶನಿವಾರ ಬೆಳಗ್ಗೆ 10ಕ್ಕೆ ಕರೆದುಕೊಂಡು ಹೋಗುವುದು, ಭಾನುವಾರ ಸಂಜೆ 5ಕ್ಕೆ ಬಿಡುವುದು. ಎಲ್ಲಿ ಬಿಡುವುದು, ಯಾರ ಕೈಗೆ? ದಸರಾ ರಜೆ ಯಾರ ಹತ್ತಿರ, ಬೇಸಿಗೆ ರಜೆ ಹೇಗೆ ಹಂಚುವುದು? ವಿಡಿಯೋ ಕಾಲ್ ಎಷ್ಟು ಹೊತ್ತಿಗೆ? (ಇದು ಚಿಲ್ಲರೆ ವಿಷಯ ಅನ್ನಿಸಬಹುದು, ಆದರೆ ದೂರದಲ್ಲಿರುವ ತಂದೆ ಅಥವಾ ತಾಯಿಗೆ ವಿಡಿಯೋ ಕಾಲ್ ಅವಕಾಶ ಇರಬೇಕು ಎಂದು 2020ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.) ಸ್ಕೂಲ್ ಫೀಸು ಯಾರು ಕಟ್ಟುವುದು, ಫೀಸು ಹೆಚ್ಚಾದರೆ? ಜ್ವರ ಬಂದು ಶನಿವಾರ ತಪ್ಪಿದರೆ ಬದಲಿ ದಿನ ಯಾವುದು? ಪಾಸ್‌ಪೋರ್ಟ್ ಯಾರ ಹತ್ತಿರ? ಇದನ್ನೆಲ್ಲ ಕೂತು ಬರೆಯುವಾಗ ಬೇಜಾರಾಗುತ್ತದೆ, ಅಷ್ಟೊಂದು ಅಪನಂಬಿಕೆಯಾ ಅನ್ನಿಸುತ್ತದೆ. ಆದರೂ ಬರೆಯಿರಿ.

ಒಂದು ಸಾಲು ಮಾತ್ರ ಬರೆಯಬೇಡಿ: "ಮಗಳಿಗೆ ಮುಂದೆ ಜೀವನಾಂಶ ಕೇಳುವುದಿಲ್ಲ." ಅದು ಮಗಳ ಹಕ್ಕು, ಅಮ್ಮ ಬಿಟ್ಟುಕೊಟ್ಟರೂ ಹೋಗುವುದಿಲ್ಲ. ಹಾಗೇ, ಮಗಳು ಯಾರ ಹತ್ತಿರ ಇರಬೇಕು ಅನ್ನುವುದೂ ಒಂದು ಸಲ ಬರೆದರೆ ಕಲ್ಲಿನ ಮೇಲೆ ಕೆತ್ತಿದ ಹಾಗಲ್ಲ. ಡಿಕ್ರಿ ಆದ ಮೇಲೂ, ಮಗಳಿಗೆ ಒಳ್ಳೆಯದು ಎಂದು ಕಂಡರೆ ಕೋರ್ಟ್ ಅದನ್ನು ಬದಲಾಯಿಸಬಹುದು. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿ ಹತ್ತಿರ ಎಂದು 1956ರ ಹಿಂದೂ ಅಪ್ರಾಪ್ತ ವಯಸ್ಕರ ಪಾಲಕತ್ವದ ಕಾಯ್ದೆ ಹೇಳುತ್ತದೆ, ನಿಮ್ಮ ಮಗಳು ಅದನ್ನು ದಾಟಿದ್ದಾಳೆ. ಅವಳಿಗೆ ಏನು ಬೇಕು ಎಂದು ಜಡ್ಜ್ ಅವಳನ್ನೇ ಕೇಳಲೂಬಹುದು.

ಒಪ್ಪಂದ ಆದ ಮೇಲೆ, ಅದನ್ನು ಪರಸ್ಪರ ಒಪ್ಪಿಗೆಯ ವಿಚ್ಛೇದನ ಅರ್ಜಿಯ ಜೊತೆ ಹಾಕಬೇಕು. ಒಂದು ವರ್ಷವಾದರೂ ಬೇರೆ ಇದ್ದಿರಬೇಕು. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು, ಆದರೆ ನೀವು ಬೇರೆಯಾಗಿ ಬಹಳ ದಿನವಾಗಿದ್ದು, ರಾಜಿಯ ಪ್ರಯತ್ನವೂ ಮುಗಿದಿದ್ದು, ಮಗು ಮತ್ತು ಜೀವನಾಂಶದ ವಿಷಯ ನಿಜವಾಗಿ ಇತ್ಯರ್ಥವಾಗಿದ್ದರೆ ಆ ಆರು ತಿಂಗಳನ್ನು ಕೋರ್ಟ್ ಬಿಡಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಕೂತು ಬರೆದ ಶ್ರಮ ಇಲ್ಲಿ ಕೆಲಸಕ್ಕೆ ಬರುತ್ತದೆ.

ಹೊಡೆತ, ಬೆದರಿಕೆ ಇರುವ ಮನೆಗೆ ಈ ಯಾವ ಮಾತೂ ಅನ್ವಯಿಸುವುದಿಲ್ಲ. ಹೆದರಿ ಕೂತವರು ಮೇಜಿನ ಆ ಕಡೆ ಏನು ಕೇಳಿಯಾರು? ಅಂಥ ಹೆಂಗಸರು ನೇರವಾಗಿ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಮ್ಯಾಜಿಸ್ಟ್ರೇಟ್ ಬಳಿ ಹೋಗಬೇಕು, ಮಗುವಿನ ತಾತ್ಕಾಲಿಕ ಸುಪರ್ದಿಯನ್ನು ಅಲ್ಲೇ ಕೇಳಬಹುದು.

ಬಾಂಡ್ ಪೇಪರ್ ಈಗಾಗಲೇ ಬರೆಸಿಬಿಟ್ಟಿದ್ದರೆ ಹರಿಯಬೇಡಿ. ಮಧ್ಯಸ್ಥರ ಮುಂದೆ ಅದನ್ನೇ ಕರಡು ಎಂದು ಇಡಿ, ಅರ್ಧ ಕೆಲಸ ಆಗಿರುತ್ತದೆ. ಮಗಳನ್ನು ಮೊದಲ ದಿನ ಕರೆದುಕೊಂಡು ಹೋಗಬೇಡಿ. ಹಿರಿಯರನ್ನೂ ಅಷ್ಟೇ.