ಮೂಳೆ ಒಪ್ಪಿತು, ವಸಡೂ ಒಪ್ಪಬೇಕಲ್ಲ

ಹೋದ ಹಲ್ಲಿನ ಜಾಗದಲ್ಲಿ ಇಂಪ್ಲಾಂಟ್ ಹಾಕಿಸಿಕೊಂಡವರು ಮೊದಲು ಕೇಳುವುದು ಒಂದೇ ಮಾತು: "ಗಟ್ಟಿಯಾಗಿ ಕೂತಿದೆಯಾ ಡಾಕ್ಟ್ರೇ?" ಟೈಟೇನಿಯಂ ಸ್ಕ್ರೂ ದವಡೆಯ ಮೂಳೆಯಲ್ಲಿ ಅಲ್ಲಾಡದೆ ನಿಂತರೆ ಸಾಕು, ಇನ್ನು ಚಿಂತೆಯಿಲ್ಲ ಅಂದುಕೊಳ್ಳುತ್ತೇವೆ. ಆದರೆ ಚೆನ್ನಾಗಿ ಕೂತ ಇಂಪ್ಲಾಂಟ್ ಎಷ್ಟೋ ವರ್ಷಗಳ ಮೇಲೆ ಕೈಕೊಟ್ಟರೆ, ತೊಂದರೆ ಹೆಚ್ಚಾಗಿ ಶುರುವಾಗುವುದು ಮೂಳೆಯ ಆಳದಲ್ಲಲ್ಲ. ಅದಕ್ಕಿಂತ ಮೇಲೆ, ವಸಡು ಸುತ್ತಿಕೊಂಡಿರುವ ಮೂರ್ನಾಲ್ಕು ಮಿಲಿಮೀಟರ್ ಜಾಗದಲ್ಲಿ.

ಮೂಳೆಯ ಪ್ರಶ್ನೆ ಬಗೆಹರಿದು ಬಹಳ ಕಾಲವಾಯಿತು. 1952ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಪರ್-ಇಂಗ್ವಾರ್ ಬ್ರೋನೆಮಾರ್ಕ್ ಎಂಬ ಸಂಶೋಧಕರು ಮೊಲದ ಕಾಲಿನ ಮೂಳೆಯೊಳಗೆ ರಕ್ತ ಹೇಗೆ ಹರಿಯುತ್ತದೆ ಎಂದು ನೋಡುತ್ತಿದ್ದರು. ಅದಕ್ಕಾಗಿ ಟೈಟೇನಿಯಂನ ಪುಟ್ಟ ಸಾಧನವೊಂದನ್ನು ಮೂಳೆಯಲ್ಲಿ ಕೂರಿಸಿದ್ದರು. ಕೆಲಸ ಮುಗಿದ ಮೇಲೆ ತೆಗೆಯಲು ಹೋದರೆ ಅದು ಬರಲೇ ಇಲ್ಲ. ಮೂಳೆ ಅದನ್ನು ಕಚ್ಚಿ ಹಿಡಿದಿತ್ತು. 1965ರಲ್ಲಿ ಗೋಥೆನ್‌ಬರ್ಗ್‌ನಲ್ಲಿ ಯೋಸ್ಟಾ ಲಾರ್ಸನ್ ಎಂಬವರ ಕೆಳದವಡೆಗೆ ಅವರು ಇಂಪ್ಲಾಂಟ್ ಹಾಕಿದರು. ಲಾರ್ಸನ್ 2006ರಲ್ಲಿ ತೀರಿಕೊಳ್ಳುವವರೆಗೂ, ಅಂದರೆ ನಲವತ್ತು ವರ್ಷ, ಅವು ಕೆಲಸ ಮಾಡಿದವು. ಮುಂದೆ ಬಂದವರು ಲೋಹದ ಮೇಲೆ ಸಣ್ಣ ಕಣಗಳನ್ನು ಜೋರಾಗಿ ಹೊಡೆದು, ಆಸಿಡ್‌ನಲ್ಲಿ ಅದ್ದಿ, ಮೇಲ್ಮೈಯನ್ನು ಒರಟು ಮಾಡಿದರು. ಒಂದೆರಡು ಮೈಕ್ರಾನ್‌ನಷ್ಟು ಒರಟಾದರೆ ಮೂಳೆ ಇನ್ನೂ ಬೇಗ ಹಿಡಿಯುತ್ತದೆ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ.

ವಸಡಿನ ಕಥೆ ಬೇರೆ. ಹಲ್ಲು ವಸಡನ್ನು ಸೀಳಿಕೊಂಡು ಹೊರಗೆ ಬರುತ್ತದೆ. ಹೊರಗೆ ಬಾಯಿ ತುಂಬ ಬ್ಯಾಕ್ಟೀರಿಯಾ, ಒಳಗೆ ಮೂಳೆ. ನಡುವಿನ ಆ ಸಂದನ್ನು ದೇಹ ಹೇಗೋ ಮುಚ್ಚಿಕೊಳ್ಳಲೇಬೇಕು. ಸಹಜ ಹಲ್ಲಿನಲ್ಲಿ ಇದಕ್ಕೆ ಎರಡು ಏರ್ಪಾಡುಗಳಿವೆ. ಮೇಲುಗಡೆ ವಸಡಿನ ಹೊದಿಕೆಯ ಕೋಶಗಳು ಹಲ್ಲಿಗೆ ಅಂಟಿಕೊಂಡಿರುತ್ತವೆ. ಅದರ ಕೆಳಗೆ ಕೊಲಾಜೆನ್ ಎಂಬ ಪ್ರೋಟೀನಿನ ನಾರುಗಳು ನೇರವಾಗಿ ಬೇರಿನ ಹೊರಪದರದೊಳಗೆ ನುಗ್ಗಿ ಬೇರೂರಿರುತ್ತವೆ. ಎರಡೂ ಸೇರಿ ಸುಮಾರು 2 ಮಿಲಿಮೀಟರ್. ಅಷ್ಟರಲ್ಲೇ ಕಾವಲು ಭದ್ರ.

ಟೈಟೇನಿಯಂಗೆ ಅಂಥ ಹೊರಪದರ ಇಲ್ಲ. ಹೊದಿಕೆಯ ಕೋಶಗಳು ಅದಕ್ಕೂ ಅಂಟುತ್ತವೆ, ನಿಜ. ಆದರೆ ನಾರುಗಳಿಗೆ ನುಗ್ಗಲು ಜಾಗವಿಲ್ಲ. ಸೊಂಟಕ್ಕೆ ಉಡುದಾರ ಕಟ್ಟಿದ ಹಾಗೆ ಅವು ಲೋಹವನ್ನು ಸುತ್ತಿಕೊಂಡಿರುತ್ತವೆ, ಇಲ್ಲವೇ ಅದರ ಪಕ್ಕದಲ್ಲೇ ಮೇಲೆ ಕೆಳಗೆ ಹರಿದಿರುತ್ತವೆ. ರಕ್ತದ ಪೂರೈಕೆಯೂ ಇಲ್ಲಿ ಕಡಿಮೆ. ಸಹಜ ಹಲ್ಲಿನ ಬೇರಿಗೂ ಮೂಳೆಗೂ ನಡುವೆ ಇರುವ ತೆಳು ಪದರದಿಂದ ವಸಡಿಗೆ ಒಂದಷ್ಟು ರಕ್ತ ಬರುತ್ತದೆ. ಇಂಪ್ಲಾಂಟ್ ಸುತ್ತ ಆ ಪದರವೇ ಇರುವುದಿಲ್ಲ.

ಈ ವ್ಯತ್ಯಾಸ ದಂತವೈದ್ಯರ ಕೈಗೇ ಗೊತ್ತಾಗುತ್ತದೆ. ವಸಡಿನ ಸಂದಿನ ಆಳ ಅಳೆಯಲು ಅವರು ಗೆರೆ ಹಾಕಿದ ತೆಳ್ಳನೆಯ ಕಡ್ಡಿಯೊಂದನ್ನು ಮೆಲ್ಲಗೆ ಇಳಿಸುತ್ತಾರೆ. ಒತ್ತಡ ಸುಮಾರು 25 ಗ್ರಾಂ ತೂಕದಷ್ಟು, ಅಷ್ಟೇ. ಆರೋಗ್ಯವಾದ ಹಲ್ಲಿನ ಪಕ್ಕ ಕಡ್ಡಿ ಬೇಗ ತಡೆದು ನಿಲ್ಲುತ್ತದೆ. ಇಂಪ್ಲಾಂಟ್ ಪಕ್ಕದಲ್ಲಿ ವಸಡು ಊದಿಕೊಂಡಿದ್ದರೆ ಅದು ಇಳಿಯುತ್ತಾ ಹೋಗಿ ಮೂಳೆಯ ಹತ್ತಿರಕ್ಕೇ ಬರುತ್ತದೆ. ಕಡ್ಡಿ ಹೋದ ದಾರಿಯಲ್ಲಿ ಬ್ಯಾಕ್ಟೀರಿಯಾವೂ ಹೋಗಬಹುದು, ಅಲ್ವಾ?

ಹಾಗಾದರೆ ವಸಡಿನ ಭಾಗವನ್ನೂ ಒರಟು ಮಾಡಿದರೆ ಆಯಿತಲ್ಲ ಎಂದು ಅನಿಸುತ್ತದೆ. ಆಗುವುದಿಲ್ಲ. ಒರಟು ಜಾಗ ಕಂಡರೆ ಬ್ಯಾಕ್ಟೀರಿಯಾಗೂ ಇಷ್ಟ. 1990ರ ದಶಕದಲ್ಲಿ ಬೆಲ್ಜಿಯಂನ ಲ್ಯೂವೆನ್‌ನಲ್ಲಿ ಮಾರ್ಕ್ ಕ್ವಿರಿನೆನ್ ಮತ್ತು ಸಂಗಡಿಗರು ಇದನ್ನು ಬಾಯಿಯಲ್ಲೇ ಪರೀಕ್ಷಿಸಿದರು. ಸರಾಸರಿ ಒರಟುತನ 0.2 ಮೈಕ್ರಾನ್ ದಾಟಿದರೆ ಪಾಚಿ, ಅಂದರೆ ಬ್ಯಾಕ್ಟೀರಿಯಾದ ಅಂಟು ಪದರ, ಜಾಸ್ತಿ ಕಟ್ಟುತ್ತದೆ. ಅದಕ್ಕಿಂತ ನುಣುಪು ಮಾಡಿದರೆ ಹೆಚ್ಚಿನ ಲಾಭವೇನೂ ಇಲ್ಲ. ಮೂಳೆಗೆ ಒರಟು ಬೇಕು, ಬಾಯಿಗೆ ನುಣುಪು ಬೇಕು, ನಡುವಿನ ವಸಡಿಗೆ ಏನು ಬೇಕು? ನನ್ನ ಮಟ್ಟಿಗೆ ಇಡೀ ಇಂಪ್ಲಾಂಟ್ ವಿಜ್ಞಾನದಲ್ಲಿ ಇದಕ್ಕಿಂತ ಕುತೂಹಲದ ಪ್ರಶ್ನೆ ಇಲ್ಲ.

ಒಂದು ಉತ್ತರ ಗಾತ್ರದಲ್ಲಿದೆ. ಬಾಯಿಯ ಬ್ಯಾಕ್ಟೀರಿಯಾ ಹೆಚ್ಚಾಗಿ ಒಂದು ಮೈಕ್ರಾನ್ ಆಸುಪಾಸಿನವು. ಕೊಲಾಜೆನ್ ನಾರು ನೇಯುವ ಫೈಬ್ರೊಬ್ಲಾಸ್ಟ್ ಕೋಶ ಹತ್ತಾರು ಮೈಕ್ರಾನ್ ಉದ್ದ. ಕೆನಡಾದ ವ್ಯಾಂಕೂವರ್‌ನಲ್ಲಿ ಡೊನಾಲ್ಡ್ ಬ್ರುನೆಟ್ 1980ರ ದಶಕದಿಂದಲೇ ತೋರಿಸಿದ ಸಂಗತಿ ಇದು: ಮೇಲ್ಮೈಯಲ್ಲಿ ಸೂಕ್ಷ್ಮ ಗೀರುಗಳನ್ನು ಕೊರೆದರೆ ಕೋಶಗಳು ಅವುಗಳ ಗುಂಟ ಸಾಲಾಗಿ ಮಲಗುತ್ತವೆ, ಆ ದಿಕ್ಕಿನಲ್ಲೇ ಸಾಗುತ್ತವೆ. ಕೋಶಕ್ಕೆ ಕಣ್ಣಿಲ್ಲ. ಕಾಲು ಚಾಚಿ, ತಡವಿ, ಹಿಡಿತ ಸಿಕ್ಕಲ್ಲಿ ನಿಲ್ಲುತ್ತದೆ. ಇದೇ ತಿಳಿವಿನಿಂದ ಇಂಪ್ಲಾಂಟ್‌ನ ಕತ್ತಿನ ಸುತ್ತ ಲೇಸರ್‌ನಿಂದ 8 ಮತ್ತು 12 ಮೈಕ್ರಾನ್ ಅಗಲದ ಗೀರುಗಳನ್ನು ಕೊರೆಯುವುದು ಬಂತು. ಅಂಥ ಇಂಪ್ಲಾಂಟನ್ನು ಸುತ್ತಲಿನ ಅಂಗಾಂಶದ ಸಮೇತ ತೆಗೆದು, ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದ ವರದಿಯನ್ನು 2008ರಲ್ಲಿ ಅಮೆರಿಕದ ಮೈರನ್ ನೆವಿನ್ಸ್ ಮತ್ತು ಸಂಗಡಿಗರು ಪ್ರಕಟಿಸಿದರು. ಗೀರಿದ್ದ ಕಡೆ ಕೆಲವು ನಾರುಗಳು ಸುತ್ತಿಕೊಳ್ಳುವ ಬದಲು ಲೋಹಕ್ಕೆ ನೇರವಾಗಿ ಬಂದು ಸೇರಿದ್ದವು. ಸಹಜ ಹಲ್ಲಿನಷ್ಟು ಭದ್ರ ಎನ್ನಲಾಗದು. ಆದರೂ ನಾರಿನ ದಿಕ್ಕು ಬದಲಾಯಿತಲ್ಲ, ನನಗೆ ಅದೇ ದೊಡ್ಡದು.

ಇನ್ನೊಂದು ಉತ್ತರ ರಸಾಯನದಲ್ಲಿದೆ. ಟೈಟೇನಿಯಂ ಗಾಳಿಗೆ ಒಡ್ಡಿಕೊಂಡ ತಕ್ಷಣ ಅದರ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರ ಕಟ್ಟುತ್ತದೆ. ದೇಹ ಮುಟ್ಟುವುದು ಲೋಹವನ್ನಲ್ಲ, ಈ ಪದರವನ್ನು. ಹೊಸದಾಗಿ ಸಿದ್ಧಪಡಿಸಿದ ಮೇಲ್ಮೈಗೆ ಒಂದು ಹನಿ ನೀರು ಬಿಟ್ಟರೆ ಅದು ಹರಡಿಕೊಳ್ಳುತ್ತದೆ. ವಾರಗಟ್ಟಲೆ ಸುಮ್ನೆ ಇಟ್ಟರೆ ಗಾಳಿಯಲ್ಲಿರುವ ಇಂಗಾಲದ ಸಂಯುಕ್ತಗಳು ಅದರ ಮೇಲೆ ಕೂರುತ್ತವೆ, ಆಗ ಹನಿ ಗುಂಡಗೆ ನಿಲ್ಲುತ್ತದೆ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ತಕಾಹಿರೊ ಒಗಾವಾ ಅವರ ತಂಡ ಇಂಥ ಹಳೆಯ ಮೇಲ್ಮೈಗೆ ನೇರಳಾತೀತ ಬೆಳಕು ಹಾಯಿಸಿತು. ಹನಿ ಮತ್ತೆ ಹರಡಿತು. ಇದು ಯಾಕೆ ಮುಖ್ಯ ಎಂದರೆ, ಇಂಪ್ಲಾಂಟ್ ಒಳಗೆ ಹೋದೊಡನೆ ಮೊದಲು ಬಂದು ಕೂರುವುದು ರಕ್ತದ ಪ್ರೋಟೀನ್‌ಗಳು, ಕೋಶಗಳು ಬರುವುದು ಆಮೇಲೆ. ಪ್ರೋಟೀನ್ ಹೇಗೆ ಕೂತಿದೆ ಎನ್ನುವುದರ ಮೇಲೆ ಕೋಶದ ಹಿಡಿತ ನಿಂತಿದೆ. ಹೊದಿಕೆಯ ಕೋಶಗಳು ಹಲ್ಲಿಗೆ ಅಂಟಿಕೊಳ್ಳುವಾಗ ಬಳಸುವ ಲ್ಯಾಮಿನಿನ್ ಎಂಬ ಪ್ರೋಟೀನ್‌ನ ತುಣುಕುಗಳನ್ನೇ ಮೊದಲೇ ಲೋಹಕ್ಕೆ ಹಚ್ಚಿಡುವ ಪ್ರಯತ್ನಗಳೂ ನಡೆದಿವೆ.

ಯಾವ ಲೋಹ ಎನ್ನುವುದೂ ಮುಖ್ಯ. 1998ರಲ್ಲಿ ಗೋಥೆನ್‌ಬರ್ಗ್‌ನ ಸಂಶೋಧಕರು ನಾಯಿಗಳಲ್ಲಿ ಬೇರೆ ಬೇರೆ ಅಬಟ್‌ಮೆಂಟ್ ಹಾಕಿ ನೋಡಿದರು. ಸ್ಕ್ರೂ ಮೇಲೆ ಕೂತು, ವಸಡನ್ನು ದಾಟಿ, ಕ್ಯಾಪನ್ನು ಹೊರುವ ತುಂಡೇ ಅಬಟ್‌ಮೆಂಟ್. ಟೈಟೇನಿಯಂ ಮತ್ತು ಅಲ್ಯುಮಿನಾ ಸೆರಾಮಿಕ್‌ಗೆ ವಸಡು ಹಿಡಿದುಕೊಂಡಿತು. ಚಿನ್ನದ ಮಿಶ್ರಲೋಹಕ್ಕೆ ಸರಿಯಾಗಿ ಹಿಡಿಯಲಿಲ್ಲ. ವಸಡು ಕೆಳಗೆ ಸರಿಯಿತು, ಜೊತೆಗೆ ಮೂಳೆಯೂ ಸವೆಯಿತು. ದುಬಾರಿ ಲೋಹವೇ ಒಳ್ಳೆಯದು ಎನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅದೇ ತಂಡ ಅದರ ಹಿಂದಿನ ವರ್ಷ ಇನ್ನೊಂದು ಸಂಗತಿ ತೋರಿಸಿತ್ತು. ಅಬಟ್‌ಮೆಂಟನ್ನು ಪದೇ ಪದೇ ಬಿಚ್ಚಿ ಹಾಕಿದರೆ, ಕೂಡಿಕೊಂಡ ವಸಡು ಪ್ರತಿ ಸಲವೂ ಕಿತ್ತುಬಂದು ಇನ್ನೂ ಕೆಳಗೆ ಹೋಗಿ ಕೂಡಿಕೊಳ್ಳುತ್ತದೆ. ಅದಕ್ಕೇ ಒಮ್ಮೆ ಹಾಕಿದ ಅಬಟ್‌ಮೆಂಟನ್ನು ಮತ್ತೆ ತೆಗೆಯದ ಪದ್ಧತಿಯನ್ನು ಎಷ್ಟೋ ವೈದ್ಯರು ಪಾಲಿಸುತ್ತಾರೆ. ಎಂಥ ಒಳ್ಳೆಯ ಮೇಲ್ಮೈಯಾದರೂ ವಸಡನ್ನು ಮತ್ತೆ ಮತ್ತೆ ಕೀಳುತ್ತಿದ್ದರೆ ಏನು ಪ್ರಯೋಜನ?

ಲ್ಯಾಬಿನ ಫಲಿತಾಂಶಗಳನ್ನು ನೋಡುವಾಗ ಸ್ವಲ್ಪ ತಡೆದು ಯೋಚಿಸಬೇಕು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಕ್ಕೆ ಜೊಲ್ಲಿಲ್ಲ, ಅಗಿಯುವ ಒತ್ತಡವಿಲ್ಲ, ಬ್ಯಾಕ್ಟೀರಿಯಾದ ಕಾಟವಿಲ್ಲ. ಮನುಷ್ಯರಲ್ಲಿ ಚೆನ್ನಾಗಿರುವ ಇಂಪ್ಲಾಂಟನ್ನು ಕಿತ್ತು ನೋಡಲಾಗದು. ಹಾಗಾಗಿ ಕಡ್ಡಿಯ ಅಳತೆ ಮತ್ತು ವರ್ಷಗಳ ಎಕ್ಸ್-ರೇ ನೋಡಿಯೇ ತೀರ್ಮಾನಿಸಬೇಕು. ಅಲ್ಲಿ ಸಿಗುವ ವ್ಯತ್ಯಾಸ ತಟ್ಟೆಯಲ್ಲಿ ಕಂಡಷ್ಟು ದೊಡ್ಡದಾಗಿರುವುದಿಲ್ಲ.

ಈಗಾಗಲೇ ಇಂಪ್ಲಾಂಟ್ ಇರುವವರು ಗಮನಿಸಬೇಕಾದ್ದು ರಕ್ತವನ್ನು. ಬ್ರಷ್ ಮಾಡುವಾಗ ಅದರ ಸುತ್ತ ರಕ್ತ ಕಂಡರೆ ನೋವಿಲ್ಲ ಎಂದು ಸುಮ್ಮನಿರಬೇಡಿ. ವಸಡು ಮಾತ್ರ ಊದಿರುವ ಹಂತದಲ್ಲಿ ಶುಚಿ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಮೂಳೆ ಕರಗಲು ಶುರುವಾಗಿ ಒರಟು ಭಾಗ ಹೊರಗೆ ಬಂತೆಂದರೆ, ಆ ಒರಟಿನಲ್ಲಿ ಕೂತ ಪಾಚಿಯನ್ನು ಪೂರ್ತಿ ತೆಗೆಯುವುದು ನುರಿತ ಕೈಗೂ ಕಷ್ಟ.