ಕಾಲ್‌ಬ್ಯಾಕ್ ಕೊಟ್ಟಾಗ ‘ದಿಸ್’ ಕೈತಪ್ಪುವುದೇಕೆ?

ಬೇರೆ ಕೋಡ್ ಕರೆಯಲೆಂದು ನಾವು ಕೊಡುವ ಫಂಕ್ಷನ್ನೇ ಕಾಲ್‌ಬ್ಯಾಕ್. ಫಂಕ್ಷನ್ ಯಾವ ಆಬ್ಜೆಕ್ಟ್ ಪರವಾಗಿ ಓಡುತ್ತಿದೆ ಎಂದು ಹೇಳುವ ಪದ ‘ದಿಸ್’ (this). ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಫಂಕ್ಷನ್‌ನಲ್ಲಿ ಈ ದಿಸ್ ಯಾರೆಂಬುದು ಫಂಕ್ಷನ್ನನ್ನು ಕರೆಯುವ ಹೊತ್ತಿಗೆ ತೀರ್ಮಾನವಾಗುತ್ತದೆ. ಎಲ್ಲಿ ಬರೆದಿದ್ದೀರಿ ಎಂಬುದು ಲೆಕ್ಕಕ್ಕಿಲ್ಲ.

‘ಮೀಟರ್’ ಎಂಬ ಆಬ್ಜೆಕ್ಟ್ ಇದೆ ಎನ್ನಿ. ಅದರಲ್ಲಿ ‘ಎಣಿಕೆ: 0’, ಜೊತೆಗೆ ‘ದಿಸ್.ಎಣಿಕೆ’ಗೆ 1 ಕೂಡಿಸುವ ‘ಏರಿಸು’ ಮೆಥಡ್. ‘ಮೀಟರ್.ಏರಿಸು()’ ಎಂದು ಕರೆದರೆ ಚುಕ್ಕೆಯ ಎಡಕ್ಕಿರುವ ಮೀಟರೇ ದಿಸ್. ಎಣಿಕೆ 1 ಆಗುತ್ತದೆ.

ಈಗ 1000 ಮಿಲಿಸೆಕೆಂಡ್ ಬಿಟ್ಟು ಕರೆಯಲು ‘ಸೆಟ್‌ಟೈಮ್‌ಔಟ್(ಮೀಟರ್.ಏರಿಸು, 1000)’ ಬರೆಯಿರಿ. ಏರಿಸು ಮುಂದೆ ಆವರಣವಿಲ್ಲ, ಅಂದರೆ ಕರೆ ಇನ್ನೂ ನಡೆದಿಲ್ಲ. ಬರೀ ಫಂಕ್ಷನ್ನನ್ನು ಬಿಡಿಸಿ ಟೈಮರ್ ಕೈಗೆ ಕೊಟ್ಟಂತಾಯಿತು. ಒಂದು ಸೆಕೆಂಡ್ ಕಳೆದ ಮೇಲೆ ಬ್ರೌಸರ್ ಅದನ್ನು ಕರೆಯುವಾಗ ದಿಸ್ ಜಾಗದಲ್ಲಿ ಬ್ರೌಸರ್‌ನ ಎಲ್ಲಕ್ಕೂ ಹೊರಗಿನ ಆಬ್ಜೆಕ್ಟ್ ‘ವಿಂಡೋ’ ಇರುತ್ತದೆ. ವಿಂಡೋದಲ್ಲಿ ಎಣಿಕೆಯೇ ಇಲ್ಲ. ‘ಅನ್‌ಡಿಫೈನ್ಡ್’ಗೆ (ಬೆಲೆಯೇ ಇಲ್ಲದ್ದಕ್ಕೆ) 1 ಕೂಡಿಸಿದರೆ ಬರುವುದು ‘ನ್ಯಾನ್’, ಅಂದರೆ ‘ಸಂಖ್ಯೆಯಲ್ಲ’ ಎಂಬ ಗುರುತು. ಅದು ವಿಂಡೋದ ಮೇಲೆ ಹೊಸ ಪ್ರಾಪರ್ಟಿಯಾಗಿ ಕೂರುತ್ತದೆ. ಮೀಟರ್‌ನಲ್ಲಿ 0 ಹಾಗೇ ಇರುತ್ತದೆ, ಕನ್ಸೋಲ್‌ನಲ್ಲಿ ಒಂದು ಕೆಂಪು ಸಾಲೂ ಕಾಣುವುದಿಲ್ಲ. ಹೀಗೆ ಸದ್ದಿಲ್ಲದೆ ಆಗುವ ತಪ್ಪನ್ನು ಹುಡುಕುವುದೇ ಕಷ್ಟ. ಪಟ್ಟಿಯ ಪ್ರತಿ ಅಂಶಕ್ಕೂ ಫಂಕ್ಷನ್ ಕರೆಯುವ ‘ಫಾರ್‌ಈಚ್’ಗೆ ಕ್ಲಾಸ್‌ನ ಮೆಥಡನ್ನು ಹೀಗೆ ಕೊಟ್ಟರೆ ಅದಕ್ಕಿಂತ ವಾಸಿ: ಕ್ಲಾಸ್ ಒಳಗೆ ಯಾವಾಗಲೂ ಸ್ಟ್ರಿಕ್ಟ್ ಮೋಡ್ (ಜಾವಾಸ್ಕ್ರಿಪ್ಟ್‌ನ ಬಿಗಿ ನಿಯಮಗಳು), ದಿಸ್ ಅನ್‌ಡಿಫೈನ್ಡ್ ಆಗಿ ಅಲ್ಲೇ ‘ಟೈಪ್‌ಎರರ್’ ಬೀಳುತ್ತದೆ.

ಕ್ಲಿಕ್‌ನಂಥ ಘಟನೆಗೆ ಕಾಲ್‌ಬ್ಯಾಕ್ (ಲಿಸನರ್) ಹಾಕುವ ‘ಆಡ್‌ಇವೆಂಟ್‌ಲಿಸನರ್’ನಲ್ಲಿ ದಿಸ್ ಎಂದರೆ ಲಿಸನರ್ ಹಾಕಿದ ಎಲಿಮೆಂಟ್, ಉದಾಹರಣೆಗೆ ಬಟನ್.

ಪರಿಹಾರಕ್ಕೆ ಮೊದಲು ಕೈಹಾಕಬೇಕಾದ್ದು ‘() => ಮೀಟರ್.ಏರಿಸು()’. ಕರೆ ಚುಕ್ಕೆಯ ಸಮೇತ ಉಳಿಯುವುದರಿಂದ ಗೊಂದಲವಿಲ್ಲ. ಬಾಣದ ಗುರುತಿನ ಈ ಆ್ಯರೋ ಫಂಕ್ಷನ್ ಜಾವಾಸ್ಕ್ರಿಪ್ಟ್‌ನ 2015ರ ಆವೃತ್ತಿಯಲ್ಲಿ ಬಂತು. ಅದಕ್ಕೆ ಸ್ವಂತ ದಿಸ್ ಇಲ್ಲ, ಹೊರಗಿನದನ್ನೇ ಬಳಸುತ್ತದೆ. ಹಾಗಾಗಿಯೇ ‘ಏರಿಸು’ವನ್ನೇ ಆಬ್ಜೆಕ್ಟ್ ಒಳಗೆ ಆ್ಯರೋ ಆಗಿ ಬರೆಯಬೇಡಿ, ದಿಸ್‌ಗೆ ಮೀಟರ್ ಸಿಗುವುದೇ ಇಲ್ಲ, ಮುಂದೆ ಹೇಳುವ ಬೈಂಡ್ ಮಾಡಿದರೂ ಸಿಗುವುದಿಲ್ಲ.

2009ರ ಆವೃತ್ತಿಯಿಂದ ಇರುವ ಇನ್ನೊಂದು ದಾರಿ ‘ಮೀಟರ್.ಏರಿಸು.ಬೈಂಡ್(ಮೀಟರ್)’. ದಿಸ್ ಅನ್ನು ಮೀಟರ್‌ಗೇ ಕಟ್ಟಿಹಾಕಿದ ಫಂಕ್ಷನ್ ಇದರಿಂದ ಸಿಗುತ್ತದೆ. ಫಾರ್‌ಈಚ್, ಮ್ಯಾಪ್, ಫಿಲ್ಟರ್‌ಗಳಿಗಾದರೆ ಎರಡನೇ ಆರ್ಗ್ಯುಮೆಂಟ್ ಆಗಿ ಮೀಟರನ್ನೇ ಕೊಟ್ಟರೂ ಸಾಕು. ‘ರೆಡ್ಯೂಸ್’ಗೆ ಈ ಸೌಲಭ್ಯವಿಲ್ಲ, ಅಲ್ಲಿ ಎರಡನೆಯದು ಆರಂಭದ ಬೆಲೆ.

ಬೈಂಡ್ ಪ್ರತಿ ಸಲವೂ ಹೊಸ ಫಂಕ್ಷನ್ನನ್ನೇ ಕೊಡುತ್ತದೆ ಎಂಬುದನ್ನು ಮರೆತರೆ ಲಿಸನರ್ ತೆಗೆಯುವಾಗ ಪೆಟ್ಟು. ಹಾಕುವಾಗ ಒಮ್ಮೆ, ‘ರಿಮೂವ್‌ಇವೆಂಟ್‌ಲಿಸನರ್’ನಲ್ಲಿ ಇನ್ನೊಮ್ಮೆ ಬೈಂಡ್ ಬರೆದರೆ ಅವೆರಡೂ ಬೇರೆ ಬೇರೆ; ಹಳೆಯದು ಬಟನ್‌ಗೆ ಅಂಟಿಕೊಂಡೇ ಇರುತ್ತದೆ, ಎರರ್ ಬರುವುದಿಲ್ಲ. ಒಮ್ಮೆ ಮಾತ್ರ ಬೈಂಡ್ ಮಾಡಿ ‘ಕಾನ್ಸ್ಟ್ ಕ್ಲಿಕ್ಕಿಗೆ’ ಎಂಬ ಹೆಸರಿನಲ್ಲಿ ಇಟ್ಟುಕೊಂಡು, ಹಾಕಲೂ ತೆಗೆಯಲೂ ಅದೇ ಹೆಸರನ್ನು ಕೊಡಿ.