ಚುಕ್ಕಾಣಿಗೆ ಬೇಕಿರುವುದು ತೋಳು

ಹಾಯಿದೋಣಿಯಲ್ಲಿ ದೂರ ಹೊರಡುವವರು ಆಟೋಪೈಲಟ್, ಅಂದರೆ ತಾನೇ ಚುಕ್ಕಾಣಿ ನಡೆಸುವ ಯಂತ್ರ, ಕೊಳ್ಳುವಾಗ ಮೊದಲು ನೋಡುವುದು ಅದರ ಪರದೆಯನ್ನು. ಬಣ್ಣದ್ದಾ? ಫೋನಿಗೆ ಸೇರುತ್ತಾ? ಮಾರುವವರೂ ಅದನ್ನೇ ತೋರಿಸುತ್ತಾರೆ. ನಡುಸಮುದ್ರದಲ್ಲಿ ಕೈಕೊಡುವುದು ಮಾತ್ರ ಹೆಚ್ಚಾಗಿ ಬೇರೆಯೇ: ಹಿಂದುಗಡೆ ಕತ್ತಲ ಗೂಡಿನಲ್ಲಿ ಚುಕ್ಕಾಣಿಯನ್ನು ತಳ್ಳುವ ಮೋಟಾರು, ಅದರ ಗೇರು, ಅದನ್ನು ಹಿಡಿದಿರುವ ನಾಲ್ಕು ಬೋಲ್ಟು.

ಚುಕ್ಕಾಣಿಯನ್ನು ಎಷ್ಟು ತಿರುಗಿಸಬೇಕೆಂದು ನಿರ್ಧರಿಸುವ ಮಿದುಳಿನ ಲೆಕ್ಕ ಮುಗಿದು ನೂರು ವರ್ಷವಾಯಿತು. ರಷ್ಯಾದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ನಿಕೋಲಸ್ ಮಿನೋರ್ಸ್ಕಿ ನುರಿತ ಚುಕ್ಕಾಣಿಗಾರರು ಏನು ಮಾಡುತ್ತಾರೆಂದು ಗಮನಿಸಿ, 1922ರಲ್ಲಿ ಅದನ್ನು ಗಣಿತಕ್ಕೆ ಇಳಿಸಿದರು. ಒಳ್ಳೆಯ ಚುಕ್ಕಾಣಿಗಾರ ಮೂರು ವಿಷಯ ನೋಡುತ್ತಾನೆ. ದಿಕ್ಕು ಎಷ್ಟು ತಪ್ಪಿದೆ, ಎಷ್ಟು ಹೊತ್ತಿನಿಂದ ತಪ್ಪಿದೆ, ಎಷ್ಟು ಬೇಗ ತಪ್ಪುತ್ತಿದೆ. ಮರುವರ್ಷ ನ್ಯೂ ಮೆಕ್ಸಿಕೊ ಎಂಬ ಯುದ್ಧನೌಕೆಯ ಮೇಲೆ ಪರೀಕ್ಷೆಯೂ ಆಯಿತು. ನಾವಿಕರಿಗೆ ಹಿಡಿಸಲಿಲ್ಲ, ನೌಕಾಪಡೆ ಕೈಬಿಟ್ಟಿತು!

ಆ ಮೂರನೆಯದನ್ನು ಬಿಡಿಸಿ ಹೇಳದೆ ನನಗೆ ಸಮಾಧಾನವಿಲ್ಲ. ಒಲೆಯ ಮೇಲೆ ಹಾಲಿಟ್ಟಿದ್ದೀರಿ. ಅದು ಅಂಚು ದಾಟಿದ ಮೇಲೆ ಉರಿ ಆರಿಸುತ್ತೀರಾ? ಇಲ್ಲ. ಏರುವ ಬಿರುಸು ನೋಡಿ, ಅರ್ಧದಲ್ಲಿದ್ದಾಗಲೇ ಕೈ ಹೋಗುತ್ತದೆ. ಹೊಸದಾಗಿ ಸೈಕಲ್ ಕಲಿಯುವವನು ವಾಲಿದ ಮೇಲೆ ಹ್ಯಾಂಡಲ್ ತಿರುಗಿಸುತ್ತಾನೆ, ಅದಕ್ಕೇ ಹಾವಿನಂತೆ ಹೋಗುತ್ತಾನೆ. ಕಲಿತವನು ವಾಲಲು ಶುರುವಾದ ಕ್ಷಣದಲ್ಲೇ ಸರಿಮಾಡುತ್ತಾನೆ. ದೋಣಿಯೂ ಹೀಗೇ. ಹಿಂದಿನಿಂದ ಓರೆಯಾಗಿ ಬಂದ ಅಲೆ ದೋಣಿಯ ಹಿಂಬದಿಯನ್ನು ಎತ್ತಿ ತಿರುಗಿಸುತ್ತದೆ. ದಿಕ್ಸೂಚಿ ಹತ್ತು ಡಿಗ್ರಿ ತಪ್ಪು ತೋರಿಸುವ ಹೊತ್ತಿಗೆ ಕೆಲವು ಟನ್ ಭಾರ ಆಗಲೇ ತಿರುಗುವ ರಭಸದಲ್ಲಿರುತ್ತದೆ. ತಿರುಗುವ ವೇಗವನ್ನೇ ಅಳೆಯುವ ಗೈರೊ ಇದ್ದರೆ ಶುರುವಿನಲ್ಲೇ ತಿಳಿಯುತ್ತದೆ. ಇಂಥ ಗೈರೊ ಚಿಪ್ ಈಗ ನಿಮ್ಮ ಜೇಬಿನ ಫೋನಿನಲ್ಲೂ ಇದೆ. ಆದ್ದರಿಂದ ಗೈರೊ ಇಲ್ಲದ್ದನ್ನು ಕೊಳ್ಳಬೇಡಿ. ಮಿದುಳಿನ ಬಗ್ಗೆ ಅಷ್ಟು ಸಾಕು.

ಇನ್ನು ತೋಳು. ಇಷ್ಟು ಟನ್ ದೋಣಿಗೆ ಈ ಮಾದರಿ ಎಂದು ತಯಾರಕರು ಬರೆದಿರುತ್ತಾರೆ. ನೀವು ದೋಣಿಯ ಕಾಗದದಲ್ಲಿರುವ ತೂಕ ಹಿಡಿದು ಹೋದರೆ ಕೆಟ್ಟಿರಿ. 400 ಲೀಟರ್ ನೀರೆಂದರೆ 400 ಕಿಲೋ. 10 ಮಿಲಿಮೀಟರಿನ ಲಂಗರು ಸರಪಳಿ 60 ಮೀಟರಿಗೆ ಸುಮಾರು 140 ಕಿಲೋ. ಡೀಸೆಲ್, ಅಕ್ಕಿ, ಬೇಳೆ, ಬಟ್ಟೆ ಬೇರೆ. ಪ್ರವಾಸಕ್ಕೆ ಸಜ್ಜಾದ ದೋಣಿಗೆ ಶೇಕಡಾ 20 ಜಾಸ್ತಿ ಹಿಡಿಯುವುದು ರೂಢಿ. ಇದರ ಜೊತೆ ನೀರಿನ ಒತ್ತಡ ವೇಗದ ವರ್ಗಕ್ಕೆ, ಅಂದರೆ ವೇಗವನ್ನು ವೇಗದಿಂದಲೇ ಗುಣಿಸಿದ್ದಕ್ಕೆ, ತಕ್ಕಂತೆ ಏರುತ್ತದೆ. 5 ನಾಟ್‌ನಿಂದ 7 ನಾಟ್‌ಗೆ ಹೋದರೆ ಚುಕ್ಕಾಣಿಯ ಮೇಲಿನ ಹೊರೆ ಹೆಚ್ಚುಕಡಿಮೆ ಎರಡು ಪಟ್ಟು. ಹಾಗಾಗಿ ಒಂದು ಅಳತೆ ದೊಡ್ಡದನ್ನೇ ತೆಗೆದುಕೊಳ್ಳಿ. ಸ್ಟೀರಿಂಗ್ ಚಕ್ರಕ್ಕೆ ಬೆಲ್ಟ್ ಸುತ್ತಿ ತಿರುಗಿಸುವುದಕ್ಕಿಂತ, ಒಳಗೆ ಚುಕ್ಕಾಣಿಯ ಕಂಬವನ್ನೇ ಹಿಡಿದು ತಳ್ಳುವುದು ಗಟ್ಟಿ. ಚಕ್ರದ ಕೇಬಲ್ ಹರಿದರೂ ಅದು ಕೆಲಸ ಮಾಡುತ್ತದೆ.

ಒಮ್ಮೆ ಗೆಳೆಯನ ದೋಣಿಯಲ್ಲಿ ಗೋವಾದಿಂದ ಕಾರವಾರದ ಕಡೆಗೆ ಬರುತ್ತಿದ್ದೆವು. ಆಟೋಪೈಲಟ್ ಪದೇಪದೇ ದಡದತ್ತ ಎಳೆಯುತ್ತಿತ್ತು. “ಸಾರ್, ದೃಷ್ಟಿಯಾಗಿದೆ, ಲಿಂಬೆಹಣ್ಣು ಕಟ್ಟಿ” ಎಂದ ಸಹಾಯಕ್ಕೆ ಬಂದಿದ್ದ ಹುಡುಗ. ಕಟ್ಟಿಯೂ ಆಯಿತು. ನಾನು ಮಲಗುವ ಬಂಕಿನ ಕೆಳಗೆ ತಲೆ ತೂರಿಸಿದೆ. ಆಟೋಪೈಲಟ್‌ನ ದಿಕ್ಸೂಚಿಗೆ ಒತ್ತಿಕೊಂಡು ಸ್ಪ್ಯಾನರುಗಳ ಕಬ್ಬಿಣದ ಪೆಟ್ಟಿಗೆ! ಎತ್ತಿ ಆಚೆ ಇಟ್ಟೆ, ದೋಣಿ ನೆಟ್ಟಗಾಯಿತು. ಕೀರ್ತಿ ಲಿಂಬೆಹಣ್ಣಿಗೆ ಹೋಯಿತು, ಬಿಡಿ.

ಹಾಯಿಗಳನ್ನು ಸಮತೂಕ ಮಾಡದೆ ಎಲ್ಲ ಹೊರೆಯನ್ನೂ ಮೋಟಾರಿನ ಮೇಲೆ ಹಾಕುವುದು ಇನ್ನೊಂದು ದಡ್ಡತನ. 1895ರಿಂದ 1898ರವರೆಗೆ ಒಬ್ಬಂಟಿಯಾಗಿ ಭೂಮಿ ಸುತ್ತಿದ ಜೋಶುವಾ ಸ್ಲೋಕಂ ಬಳಿ ಯಂತ್ರವೇ ಇರಲಿಲ್ಲ. ಕೀಲಿಂಗ್ ಕೋಕೋಸ್ ದ್ವೀಪಕ್ಕೆ ಹೋಗುವಾಗ, 23 ದಿನಗಳಲ್ಲಿ ಚುಕ್ಕಾಣಿ ಹಿಡಿದದ್ದು ಒಟ್ಟು ಮೂರು ಗಂಟೆಗಿಂತ ಹೆಚ್ಚಿಲ್ಲ ಎಂದು ಬರೆದಿದ್ದಾರೆ. ಚುಕ್ಕಾಣಿಯನ್ನು ಕಟ್ಟಿಹಾಕಿದರೆ ಅವರ ದೋಣಿ ಸ್ಪ್ರೇ ತಾನೇ ನೇರ ಹೋಗುತ್ತಿತ್ತು. ಸಮತೂಕ ತಪ್ಪಿದಷ್ಟೂ ಕರೆಂಟು ಖರ್ಚು. ಸರಾಸರಿ 3 ಆಂಪಿಯರ್ ಎಳೆದರೂ ದಿನಕ್ಕೆ 72 ಆಂಪಿಯರ್-ಅವರ್. ಅರ್ಧಕ್ಕಿಂತ ಹೆಚ್ಚು ಬರಿದು ಮಾಡಬಾರದ ಲೆಡ್ ಬ್ಯಾಟರಿಗೆ ಇದು ಸಣ್ಣದಲ್ಲ.

ಬ್ಯಾಟರಿಯೇ ಬೇಡ ಎನ್ನುವವರಿಗೆ ಗಾಳಿಯ ದಿಕ್ಕು ಹಿಡಿದು ಚುಕ್ಕಾಣಿ ನಡೆಸುವ ವಿಂಡ್‌ವೇನ್ ಇದೆ. ಬ್ರಿಟನ್ನಿನ ಬ್ಲಾಂಡಿ ಹಾಸ್ಲರ್ 1960ರ ದಶಕದಲ್ಲಿ ಬಳಕೆಗೆ ತಂದ ಉಪಾಯ ಸೊಗಸಾಗಿದೆ. ಗಾಳಿಗೆ ವಾಲುವ ತೆಳು ಹಲಗೆಗೆ ಚುಕ್ಕಾಣಿ ತಿರುಗಿಸುವ ಶಕ್ತಿ ಎಲ್ಲಿಂದ ಬರಬೇಕು? ಅದು ನೀರಿನಲ್ಲಿ ತೂಗುವ ಅಲಗೊಂದನ್ನು ಸುಮ್ನೆ ಸ್ವಲ್ಪ ಓರೆ ಮಾಡುತ್ತದೆ, ಅಷ್ಟೇ. ಓಡುವ ಬಸ್ಸಿನ ಕಿಟಕಿಯಾಚೆ ಅಂಗೈ ಓರೆ ಮಾಡಿದರೆ ಕೈ ಹಾರುತ್ತದಲ್ವಾ, ಹಾಗೆ ನೀರೇ ಅಲಗನ್ನು ಪಕ್ಕಕ್ಕೆ ದಬ್ಬಿ ಹಗ್ಗದ ಮೂಲಕ ಚುಕ್ಕಾಣಿಯನ್ನು ಎಳೆಯುತ್ತದೆ. ದೋಣಿ ಜೋರಾದಂತೆ ಬಲವೂ ಜೋರು.

ಒಬ್ಬಂಟಿಯಾಗಿ ಭೂಮಿ ಸುತ್ತುವ, ಎಲೆಕ್ಟ್ರಾನಿಕ್ ಆಟೋಪೈಲಟ್‌ಗೆ ಅವಕಾಶವೇ ಇಲ್ಲದ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ 2023ರಲ್ಲಿ ಎರಡನೆಯವರಾಗಿ ಬಂದ ಭಾರತದ ಅಭಿಲಾಷ್ ಟಾಮಿ, ವಿಂಡ್‌ವೇನ್ ಮುರಿದಾಗ ಶೌಚಾಲಯದ ಬಾಗಿಲು ಕತ್ತರಿಸಿ ಸರಿಮಾಡಿಕೊಂಡರು. ಆದರೆ ಗಾಳಿ ದಿಕ್ಕು ಬದಲಿಸಿದರೆ ವಿಂಡ್‌ವೇನ್ ದೋಣಿಯನ್ನೂ ಹಾಗೇ ತಿರುಗಿಸಿಬಿಡುತ್ತದೆ. ಗಾಳಿ ನಿಂತು ಇಂಜಿನ್ ಹಾಕಿದಾಗಲೂ ಅದರಿಂದ ಉಪಯೋಗವಿಲ್ಲ. ಆಗ ಗಾಳಿಯ ಹಲಗೆ ತೆಗೆದು, ಅಲ್ಲಿಗೆ ಅಗ್ಗದ ಸಣ್ಣ ಟಿಲ್ಲರ್ ಪೈಲಟ್ (ಚುಕ್ಕಾಣಿಯ ಹಿಡಿಕೆ ತಳ್ಳುವ ಪುಟ್ಟ ಆಟೋಪೈಲಟ್) ಸಿಕ್ಕಿಸುತ್ತಾರೆ. ಅದು ಅಲಗನ್ನು ಓರೆ ಮಾಡಿದರೆ ಸಾಕು, ಉಳಿದದ್ದನ್ನು ನೀರು ಎಳೆಯುತ್ತದೆ.